ಬಸಿದ ನೀರು

ಟ್ಯೂನಾ ಅಂತೆ. ಹಾಸನದ ಡಾಕ್ಟರು ಹೇಳಿದ್ದು. "ಡಬ್ಬಿಯಲ್ಲಿ ಬರುವ ಮೀನು ರಾಮಯ್ಯನವರೇ. ಅದರ ಉಪ್ಪುನೀರು ಚೆಲ್ಲಿ, ತೊಳೆದು, ಸೌತೆಕಾಯಿ ಜೊತೆ ಸಲಾಡ್ ಮಾಡ್ಕೊಂಡು ಒಂಚೂರು ತಿನ್ನಬಹುದು." ಎರಡೂ ಕಿಡ್ನಿ ಕೈಕೊಟ್ಟು ಕೂತ ನನಗೆ ನಗು ಬಂತು. ನಮ್ಮೂರು ಪಾಳ್ಯದಲ್ಲಿ ಬೂತಾಯಿ ಮೀನು ಸಿಕ್ಕರೇ ಪುಣ್ಯ. ನನ್ನ ಹೆಂಡತಿ ರಾಜಲಕ್ಷ್ಮಮ್ಮ ಮಾತ್ರ ನಗಲಿಲ್ಲ. ಸಕಲೇಶಪುರದ ಅಂಗಡಿಗಳನ್ನೆಲ್ಲ ಸುತ್ತಿ, ಸಿಗದೆ, ಮುಖ ಸಣ್ಣದು ಮಾಡಿಕೊಂಡು ಬಂದಳು.

"ಮೀನು ಹಾಳಾಗೋಗ್ಲಿ ಬುಡಿ. ಸೊಪ್ಪು ತರಕಾರಿ ನನ್ ಕೈಲೈತೆ" ಎಂದಳು.

ಅದಕ್ಕೂ ಡಾಕ್ಟರು ಕಟ್ಟಳೆ ಹಾಕಿದ್ದರು. ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಬಸಿದು ತಿನ್ನಬೇಕು. ಇವಳು ವ್ರತದಂತೆ ಪಾಲಿಸಿದಳು. ಉಪ್ಪು ಹೋಯಿತು, ಎಳನೀರು ಹೋಯಿತು, ಬಾಳೆಹಣ್ಣು ಹೋಯಿತು. ಬಾಯಿಗೆ ರುಚಿ ಅಂತ ಉಳಿದದ್ದು ಅವಳ ಬಸ್ಸಾರು ಒಂದೇ. ಬಟ್ಟಲೆತ್ತಿ ಕುಡಿಯುತ್ತಿದ್ದೆ. ಅವಳು ಎದುರಿಗೆ ಕೂತು ನೋಡುತ್ತಿದ್ದಳು.

ಆದರೂ ರಕ್ತದ ರಿಪೋರ್ಟು ಕೆಡುತ್ತಲೇ ಹೋಯಿತು. ಕೊನೆಗೊಂದು ದಿನ ಎದೆ ಹಿಡಿದುಕೊಂಡು ಬಿದ್ದೆ. ಜೀಪಿನಲ್ಲಿ ಹಾಸನಕ್ಕೆ ಹೊತ್ತುಕೊಂಡು ಹೋದರು. ಅವಳು ಔಷಧಿ ತರಲು ಕೆಳಗಿಳಿದಾಗ ಡಾಕ್ಟರು ಕೇಳಿದರು. "ಪೊಟ್ಯಾಷಿಯಂ ಇಷ್ಟೊಂದು ಎಲ್ಲಿಂದ ಬರ್ತಿದೆ? ತರಕಾರಿ ಬಸಿದ ನೀರು ಏನು ಮಾಡ್ತೀರಿ?"

"ಏನ್ ಮಾಡ್ತಾರೆ ಸ್ವಾಮಿ, ಬಸ್ಸಾರು ಮಾಡ್ತಾರೆ."

ಅವರು ಪೆನ್ನು ಕೆಳಗಿಟ್ಟರು. "ನಿಮಗೆ ಆಗದ್ದೆಲ್ಲ ಆ ನೀರಿಗೇ ಇಳಿಯೋದು. ಅದನ್ನ ಚೆಲ್ಲಬೇಕಿತ್ತು. ನಿಮ್ಮ ಹೃದಯ ಇನ್ನೊಂದು ಸಲ ತಡೆಯಲ್ಲ."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ಮೀನಿನ ನೀರು ಚೆಲ್ಲಿ ಎಂದವರಿಗೆ ಸೊಪ್ಪಿನ ನೀರಿನ ಮಾತು ಹೊಳೆದಿರಲಿಲ್ಲ. ನಮ್ಮ ಕಡೆ ಬಸಿದ ನೀರು ಚೆಲ್ಲುವ ಮನೆ ಯಾವುದಿದೆ? ಚೆಲ್ಲಿದ ಸೊಸೆಯನ್ನು ಅತ್ತೆ ಸುಮ್ಮನೆ ಬಿಟ್ಟಾಳೆಯೇ? ನನಗೆ ಡಾಕ್ಟರ ಮೇಲೆ ಸಿಟ್ಟು, ಹಣೆಬರಹದ ಮೇಲೆ ಸಿಟ್ಟು. ಅವಳ ಮೇಲೆ ಹೇಗೆ ಸಿಟ್ಟು ಮಾಡಲಿ? ತನ್ನ ಕೈಯಿಂದಲೇ ಹೀಗಾಯಿತೆಂದು ಗೊತ್ತಾದರೆ ಅವಳು ಉಳಿಯುವವಳಲ್ಲ. "ಅವಳಿಗೆ ಹೇಳಬ್ಯಾಡಿ" ಎಂದು ಕೈಮುಗಿದೆ.

ಮನೆಗೆ ಬಂದ ಮಾರನೇ ದಿನವೇ ದಂಟಿನ ಸೊಪ್ಪು, ಹುರುಳಿಕಾಳು ಬೆಂದವು. ಪಕ್ಕದ ಮನೆಯ ಇಂದ್ರಮ್ಮನಿಗೆ ಹೇಳುತ್ತಿದ್ದಳು. "ಇಷ್ಟ್ ದಿನ ಇವರ ಜೀವ ಹಿಡ್ಕಂಡಿರೋದೇ ಈ ಸಾರು ಕಣಕ್ಕ. ಆಸ್ಪತ್ರೇಲಿ ಇದಿಲ್ದೆ ಹೆಂಗಾಗ್ಬುಟ್ರು ನೋಡು."

ಬಟ್ಟಲು ತಂದಿಟ್ಟಳು. ನಾನು ಅತ್ತ ಸರಿಸಿದೆ.

"ಖಾರ ಆಯ್ತಾ?"

"ಇಲ್ಲ ಕಣೆ. ಇನ್ಮೇಲೆ ಇದು ಬ್ಯಾಡ."

ಅವಳು ನನ್ನ ಮುಖವನ್ನೇ ನೋಡಿದಳು. "ಬದುಕೋದು ಸಾಕು ಅಂತ ತೀರ್ಮಾನ ಮಾಡ್ಕಂಡ್‌ಬುಟ್ರಾ?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ಡಾಕ್ಟರು ಬ್ಯಾಡ ಅಂದರು ಎಂದರೂ ಯಾಕೆಂದು ಕೇಳಿ ತಿಳಿದುಬಿಡುತ್ತಾಳೆ.

"ಹೂಂ" ಎಂದೆ.

ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಬಿಟ್ಟು ಹೋಗ್ತೀನಿ ಅನ್ನೋರ ಹತ್ರ ಏನ್ ಮಾತು ಅನ್ನುತ್ತಾಳಂತೆ, ಇಂದ್ರಮ್ಮನ ಮುಂದೆ.