ಮೂರನೇ ಸಾಲಿನ ಕೊನೆಯ ಕಿವಿ

ಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗ ನಡೆಸಿದವನ ಕಿವಿ ಏನಾಗಿರುತ್ತದೆ ಎಂದು ತಿಳಿಯಲು ಸಂಶೋಧನೆಯೇನೂ ಬೇಕಿರಲಿಲ್ಲ. ಹುಡುಗಿ ತನ್ನ ಚಿಕ್ಕಪ್ಪನನ್ನು ಹಿಂದಿನಿಂದ ಒಂದು ಸಲ ಕೂಗಿದ್ದರೆ ಸಾಕಿತ್ತು. ಆದರೆ ಅವಳ ಪ್ರಾಜೆಕ್ಟಿಗೆ ಅಂಕ ಕೊಡುವ ಕಾಲೇಜಿನವರಿಗೆ ಮನೆಯ ಸಾಕ್ಷಿ ಸಾಲದು. ಹಾಗಾಗಿ ಅವಳು ಅರವತ್ತು ಕೆಲಸಗಾರರ ಕಿವಿ ಪರೀಕ್ಷೆ ಮಾಡಿದಳು. ಹೆಸರು ಎಲ್ಲೂ ಬರೆಯುವುದಿಲ್ಲ ಎಂದು ಒಬ್ಬೊಬ್ಬರಿಗೂ ಮಾತು ಕೊಟ್ಟಳು.

ಅವರಿಗೆ ಆ ಮಾತು ಬೇಕೇ ಬೇಕಿತ್ತು. ಕಿವಿ ಕೇಳದವನು ಮಗ್ಗದ ಬಳಿ ನಿಲ್ಲಬಾರದು, ಅಪಾಯದ ಗಂಟೆ ಕೇಳಿಸುವುದಿಲ್ಲ ಎಂಬುದು ಗಿರಣಿಯ ನಿಯಮ. ಆ ಕಿವಿ ಕೆಡಿಸಿದ್ದು ಯಾರು ಎಂಬ ಬಗ್ಗೆ ನಿಯಮ ತುಟಿ ಪಿಟಕ್ಕೆನ್ನುವುದಿಲ್ಲ. ಅಪ್ಪ ಸತ್ತ ಮೇಲೆ ಅವಳನ್ನು ಸಾಕಿ ಓದಿಸಿದ ಚಿಕ್ಕಪ್ಪ ಐದು ವರ್ಷದಿಂದ ಎದುರಿನವರ ತುಟಿ ನೋಡಿಕೊಂಡೇ ಕೆಲಸ ಉಳಿಸಿಕೊಂಡಿದ್ದ.

ಮೊದಲು ಅವಳು ತಯಾರಿಸಿದ್ದು ಅಂಕಿಗಳ ಪಟ್ಟಿ. ಗೈಡ್ ಆಗಿದ್ದ ಮೇಡಂ ಅದನ್ನು ನೋಡಿ ಆಕಳಿಸಿದರು. ಇನ್ಫೋಗ್ರಾಫಿಕ್ ಮಾಡು, ಅಂಕಿಗಳನ್ನೆಲ್ಲ ಒಂದು ಚಿತ್ರವಾಗಿಸು, ದಾರಿಹೋಕನೂ ನಿಂತು ನೋಡಬೇಕು, ಮನೆಗೆ ಹೋದ ಮೇಲೂ ಕಣ್ಣಿಗೆ ಕಟ್ಟಿದಂತಿರಬೇಕು ಎಂದರು. ಹುಡುಗಿ ಹಟ ಹಿಡಿದು ಕೂತು, ಮಗ್ಗದ ಕೋಣೆಯನ್ನು ಮೇಲಿನಿಂದ ನೋಡಿದಂತೆ ಬಿಡಿಸಿದಳು: ಆರು ಸಾಲು, ಸಾಲಿಗೆ ಹತ್ತು ಮಗ್ಗ, ಮಗ್ಗದ ಪಕ್ಕ ಒಂದೊಂದು ಕಿವಿ. ಕೇಳುವ ಕಿವಿ ಬಿಳಿ, ಕೆಟ್ಟಷ್ಟೂ ಕೆಂಪು. ಹಳೆಯ ಮಗ್ಗಗಳಿದ್ದ ಮೂರನೇ ಸಾಲು ಕೆಂಡದ ಹಾಗೆ ಕಾಣುತ್ತಿತ್ತು. ಮೇಡಂ ಬೆನ್ನು ತಟ್ಟಿದರು.

ಹೆಸರು ಒಂದೂ ಇರಲಿಲ್ಲ, ನಿಜ. ಆದರೆ ಆ ಗಿರಣಿಯಲ್ಲಿ ಸೇರಿದ ದಿನದಿಂದ ಬಿಡುವ ದಿನದವರೆಗೂ ಒಬ್ಬನಿಗೆ ಒಂದೇ ಮಗ್ಗ. ಮೇಡಂಗೆ ಅದು ಗೊತ್ತಿರಲಿಕ್ಕಿಲ್ಲ, ಬಿಡಿ. ಹುಡುಗಿಗಾದರೂ ಹೊಳೆಯಬೇಕಿತ್ತು. ಚಿಕ್ಕಪ್ಪ ಮರೆತು ಹೋದ ಊಟದ ಡಬ್ಬಿ ಹಿಡಿದು ಆ ಸಾಲಿನ ಕೊನೆಯವರೆಗೆ ಅವಳು ಎಷ್ಟು ಸಲ ಹೋಗಿದ್ದಳೋ.

ಕಾಲೇಜಿನ ಪ್ರದರ್ಶನದಲ್ಲಿ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಅತಿಥಿಯಾಗಿ ಬಂದಿದ್ದ ಗಿರಣಿಯ ಮ್ಯಾನೇಜರ್ ಚಿತ್ರದ ಮುಂದೆ ಬಹಳ ಹೊತ್ತು ನಿಂತ, ಫೋಟೊ ತೆಗೆದುಕೊಂಡ, ತುಂಬ ಸ್ಪಷ್ಟವಾಗಿದೆ ಎಂದು ಹೊಗಳಿದ. ಹುಡುಗಿ ಉಬ್ಬಿಹೋದಳು.

ಸೋಮವಾರ ಹನ್ನೊಂದು ಜನರನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ಚಿಕ್ಕಪ್ಪ ಡಬ್ಬಿ ಬಿಚ್ಚದೆ ಮನೆಗೆ ಬಂದ.

ಅವನು ಕೂಗಾಡಲಿಲ್ಲ. ಆ ಚಿತ್ರ ತೋರಿಸು ಎಂದಷ್ಟೇ ಕೇಳಿದ. ಅವಳು ಹಾಳೆಯನ್ನು ಮೇಜಿನ ಮೇಲೆ ಹಾಸಿದಳು. ಚಿಕ್ಕಪ್ಪ ಹುಡುಕಲೂ ಇಲ್ಲ. ಅವನ ಬೆರಳು ನೇರವಾಗಿ ಮೂರನೇ ಸಾಲಿನ ಕೊನೆಯ, ಎಲ್ಲಕ್ಕಿಂತ ಕೆಂಪಾದ ಕಿವಿಯ ಮೇಲೆ ಹೋಯಿತು.

"ಇದು ನಂದು," ಎಂದ, ಎಂದಿನ ಏರುದನಿಯಲ್ಲಿ. "ಚೆನ್ನಾಗಿ ಮಾಡಿದ್ದೀಯ ಮಗಳೇ. ನನ್ನಂಥ ಓದದವನಿಗೂ ಒಂದೇ ನೋಟಕ್ಕೆ ಗೊತ್ತಾಗುತ್ತೆ."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

"ತಪ್ಪಾಯ್ತು ಚಿಕ್ಕಪ್ಪ," ಎಂದಳು.

ಅವನು ಹಾಳೆಯ ಮೇಲೆ ಬಗ್ಗಿ, ಒಂದೊಂದೇ ಕೆಂಪು ಕಿವಿಯ ಮೇಲೆ ಬೆರಳಿಟ್ಟು, ಅವಳು ಬರೆಯದೆ ಬಿಟ್ಟಿದ್ದ ಹೆಸರುಗಳನ್ನು ಹೇಳುತ್ತಾ ಹೋದ. ಅವಳ ತುಟಿಯ ಕಡೆ ನೋಡಲಿಲ್ಲ. ಭುಜ ಮುಟ್ಟಿ, ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಇನ್ನೊಮ್ಮೆ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ.