ಅಲ್ಮಾಸಳ ಮೊದಲನೇ ಪೀರಿಯಡ್ಡು

ಆ ಬುಧವಾರ ಸಲೀಮಾ ಮಗಳ ಶಾಲೆಗೆ ಹೋದದ್ದು ಬರೀ ಒಂದು ಕಂಪಾಸ್ ಬಾಕ್ಸು ಕೊಟ್ಟು ಬರಲು. ಐದನೇ ತರಗತಿಯ ಅಲ್ಮಾಸ್ ಒಂಬತ್ತೂವರೆಗೆಲ್ಲ ಚೀಲ ಬೆನ್ನಿಗೇರಿಸಿ ಹೊರಟಿದ್ದಳು. ಬಾಕ್ಸು ಅಡುಗೆ ಕಟ್ಟೆಯ ಮೇಲೇ ಉಳಿದಿತ್ತು. ಅದು ಸಲೀಮಾಳ ಕಣ್ಣಿಗೆ ಬಿದ್ದಾಗ ಹತ್ತು ದಾಟಿತ್ತು. ದುಪಟ್ಟಾ ತಲೆಗೆಳೆದುಕೊಂಡು, ಅತ್ತೆ ಜೈನಾಬಿಗೆ ಹೇಳಿ, ಅವಳು ಭದ್ರಾವತಿಯ ಆ ಇಕ್ಕಟ್ಟಿನ ಗಲ್ಲಿಯಿಂದ ಬಿರಬಿರನೆ ನಡೆದಳು.

ಪ್ರಾರ್ಥನೆ ಮುಗಿದು ಪಾಠ ಶುರುವಾಗಿತ್ತು. ತರಗತಿಯ ಬಾಗಿಲಲ್ಲಿ ಅವಳನ್ನು ಕಂಡು ಟೀಚರ್ ಶರಣ್ಯಾ ಚಾಕ್‌ಪೀಸು ಕೆಳಗಿಟ್ಟು ಹೊರಗೆ ಬಂದರು.

"ಅಲ್ಮಾಸ್ ಇನ್ನೂ ಬಂದಿಲ್ವಲ್ಲಮ್ಮ. ಬುಧವಾರ ಅವಳು ಬರೋದು ಹತ್ತೂ ಮುಕ್ಕಾಲಿಗೆ."

"ಹತ್ತೂ ಮುಕ್ಕಾಲಿಗಾ?"

"ಹೂಂ, ಶನಿವಾರಾನೂ ತಡ. ದಾದಿಗೆ ಮಾತ್ರೆ ಕೊಟ್ಟು ಬರ್ಬೇಕು ಮಿಸ್ ಅಂದಿದ್ಲು. ನಿಮಗೆ ಗೊತ್ತಿಲ್ವಾ?"

ಅತ್ತೆಗೆ ಮಾತ್ರೆ ಕೊಡುವವಳು ಸಲೀಮಾ. ಮಗಳು ಮನೆ ಬಿಟ್ಟು ಮುಕ್ಕಾಲು ಗಂಟೆಯಾಗಿದೆ. ಅವಳು ತಿರುಗಿ ಓಡಿದಳು. ಅಂಗಡಿ ಸಾಲು ನೋಡಿದಳು, ದರ್ಗಾದ ಅಂಗಳ ನೋಡಿದಳು, ಗೆಳತಿಯೊಬ್ಬಳ ಮನೆಯ ಬಾಗಿಲು ತಟ್ಟಿದಳು. ಹೊಳೆ ನೆನಪಾಗಿ ಆ ದಿಕ್ಕಿಗೆ ಓಡಿದಳು. ಸೇತುವೆಯ ಕಡೆ ತಿರುಗುವ ಮೂಲೆಯಲ್ಲಿ ಬಸ್ ತಂಗುದಾಣ. ಅಲ್ಲಿ ಶಂಕರಘಟ್ಟದ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಕಾಲೇಜು ಹುಡುಗಿಯರ ಪಕ್ಕ, ಕಲ್ಲು ಬೆಂಚಿನ ತುದಿಯಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಮಾಸ್ ಕೂತಿದ್ದಳು. ಎದುರಿನ ಅಂಗಡಿಯ ಗಡಿಯಾರ ನೋಡುತ್ತಿದ್ದಳು.

ಹೊಡೆಯಲೆಂದು ಎತ್ತಿದ ಕೈ ತಾನಾಗಿಯೇ ಮಗಳನ್ನು ಬಾಚಿ ಎದೆಗೊತ್ತಿಕೊಂಡಿತು. ಉಸಿರು ಹದಕ್ಕೆ ಬಂದ ಮೇಲೆ ಸಲೀಮಾ ಕೇಳಿದಳು, "ಯಾಕೆ ಬೇಟಿ? ಇಲ್ಲಿ ಯಾಕೆ?"

"ಮೊದಲ್ನೇ ಪೀರಿಯಡ್ಡು ಗಣಿತ, ಅಮ್ಮಿ." ಅಲ್ಮಾಸ್ ಚೀಲವನ್ನು ಅವುಚಿಕೊಂಡಳು. "ಸೋಮವಾರ ಹೇಳಿದ್ದು ಗೊತ್ತಾಗುತ್ತೆ. ಮಂಗಳವಾರ ಆಸ್ಪತ್ರೆಗೆ ಹೋಗ್ತೀವಲ್ಲ, ಅವತ್ತು ಮಿಸ್ ಮುಂದಿಂದು ಹೇಳ್ಬಿಟ್ಟಿರ್ತಾರೆ. ಬುಧವಾರ ಎಲ್ರೂ ಪಟಪಟ ಅಂತ ಮಾಡ್ತಾರೆ, ನಂಗೊಬ್ಳಿಗೇ ಬರಲ್ಲ. ಬೋರ್ಡಿಗೆ ಕರೆದ್ರೆ ನಗ್ತಾರೆ. ಅದು ಮುಗಿದ್ಮೇಲೆ ಹೋಗ್ತೀನಿ."

ಮಂಗಳವಾರ, ಶುಕ್ರವಾರ ಶಿವಮೊಗ್ಗದ ಆಸ್ಪತ್ರೆ. ಸಕ್ಕರೆ ಕಾಯಿಲೆಯ ಜೈನಾಬಿಗೆ ಪಾದದಲ್ಲಿ ಹುಣ್ಣಾಗಿ, ವಾರಕ್ಕೆರಡು ಸಲ ಸವಳಂಗ ರಸ್ತೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡಿಸಬೇಕಿತ್ತು. ಸಲೀಮಾಳ ಗಂಡ ರಹೀಂ ಲಾರಿ ಡ್ರೈವರು, ವಾರದಲ್ಲಿ ನಾಲ್ಕು ದಿನ ಹುಬ್ಬಳ್ಳಿ, ಮಂಗಳೂರು ಅಂತ ರಸ್ತೆಯಲ್ಲೇ. ಹಾಗಾಗಿ ಅತ್ತೆಯನ್ನು ಕರೆದೊಯ್ಯುವುದು ಸಲೀಮಾಳ ಪಾಲಿಗೆ ಬಂದಿತ್ತು. ಸಲೀಮಾ ಅಲ್ಮಾಸಳನ್ನು ಕರೆದುಕೊಂಡು ಹೋಗುತ್ತಿದ್ದಳು. ಯಾಕೆಂದರೆ ತನಗೆ ಕನ್ನಡ ಓದಲು ಬರುತ್ತಿರಲಿಲ್ಲ. ತವರಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಉರ್ದು ಕಲಿತಿದ್ದಳು, ಅಷ್ಟೇ. ಮೊದಲ ಸಲ ಒಬ್ಬಳೇ ಆ ಆಸ್ಪತ್ರೆಗೆ ಹೋಗಿದ್ದಾಗ ಕ್ಯೂನಲ್ಲಿ ಹಿಂದೆ ನಿಂತಿದ್ದವನೊಬ್ಬ "ಅಷ್ಟು ದೊಡ್ಡದಾಗಿ ಬರ್ದಿದಾರೆ, ಕಣ್ಣು ಕಾಣಲ್ವಾ?" ಎಂದು ನಕ್ಕಿದ್ದ. ಆ ನಗು ಅವಳ ಕಿವಿಯಿಂದ ಹೋಗಿರಲಿಲ್ಲ. ಮುಂದಿನ ವಾರದಿಂದ ಚೀಟಿ ಮಾಡಿಸುವುದು, ರೂಮು ಹುಡುಕುವುದು, ಮಾತ್ರೆಯ ಹೊತ್ತು ಕೇಳುವುದು ಎಲ್ಲ ಅಲ್ಮಾಸಳದ್ದೇ. ಹುಡುಗಿಗೂ ಅದು ಖುಷಿ. ನರ್ಸುಗಳು "ನಮ್ಮ ಪುಟ್ಟ ಡಾಕ್ಟ್ರು ಬಂದ್ಲು" ಎನ್ನುತ್ತಿದ್ದರು. ಶಾಲೆ ತಪ್ಪಿದರೆ ಎರಡು ದಿನ ತಾನೇ, ಉಳಿದ ದಿನ ಹೋಗುತ್ತಾಳಲ್ಲ ಎಂದುಕೊಂಡಿದ್ದಳು ಸಲೀಮಾ.

ಮಗಳ ಕೈ ಹಿಡಿದು ಅವಳು ಮತ್ತೆ ಶಾಲೆಗೆ ಬಂದಳು. ಶರಣ್ಯಾ ಅಲ್ಮಾಸಳನ್ನು ಒಳಗೆ ಕಳಿಸಿ, ಮಕ್ಕಳಿಗೆ ಲೆಕ್ಕ ಕೊಟ್ಟು, ಹಾಜರಿ ಪುಸ್ತಕ ಹಿಡಿದುಕೊಂಡು ಜಗಲಿಗೆ ಬಂದರು.

"ಬೈಯೋಕಲ್ಲಮ್ಮ, ಕೂತ್ಕೊಳ್ಳಿ," ಎಂದು ಪುಟ ತೆರೆದರು. "ಇದು ನಿಮ್ಮ ಮಗಳ ಸಾಲು."

ಸಲೀಮಾಳಿಗೆ ಹೆಸರುಗಳು ಓದಲಾಗಲಿಲ್ಲ. ಆದರೆ ಬಂದ ದಿನಕ್ಕೆ ನೀಲಿ, ಬಾರದ ದಿನಕ್ಕೆ ಕೆಂಪು ಎಂಬುದು ನೋಡಿದರೇ ತಿಳಿಯುವಂತಿತ್ತು. ಮೇಲಿನ ಸಾಲು, ಕೆಳಗಿನ ಸಾಲು ನೀಲಿಯಾಗಿ ಹರಿದಿದ್ದವು. ಮಗಳ ಸಾಲಿನಲ್ಲಿ ಮಾತ್ರ ಎರಡು ಮೂರು ಮನೆಗೊಂದು ಕೆಂಪು. ಜೂನ್‌ನಿಂದ ಆಗಸ್ಟಿನವರೆಗೆ ಅವಳು ಬೆರಳಿಟ್ಟು ಎಣಿಸಿದಳು. ಹತ್ತೊಂಬತ್ತು.

"ಇವು ಪೂರ್ತಿ ತಪ್ಪಿದ ದಿನ," ಎಂದರು ಶರಣ್ಯಾ. "ತಡವಾಗಿ ಬಂದಿದ್ದು ಇದರಲ್ಲಿ ಇಲ್ಲ. ಒಂದು ದಿನ ತಪ್ಪಿದ್ರೆ ಮಾರನೇ ದಿನದ್ದೂ ಅರ್ಥ ಆಗಲ್ಲ. ಅರ್ಥ ಆಗದೇ ಇದ್ದಾಗ ಬರೋಕೇ ಮನಸ್ಸಾಗಲ್ಲ. ಚುರುಕು ಹುಡುಗಿ ಅವಳು. ತನ್ನ ಕೈಲಿ ಆಗಲ್ಲ ಅಂತ ಈಗೀಗ ಅಂದ್ಕೊಳ್ತಿದಾಳೆ. ಅದೇ ನಂಗೆ ಭಯ. ಮಂಗಳವಾರ, ಶುಕ್ರವಾರ ಅವಳು ಎಲ್ಲಿರ್ತಾಳೆ?"

ಸಲೀಮಾ ಗಂಡನಿಗೂ ಬಿಡಿಸಿ ಹೇಳದೆ ಇದ್ದುದನ್ನು ಹೇಳಿದಳು. "ಆಸ್ಪತ್ರೇಲಿ ಮಿಸ್. ನಂಗೆ ಕನ್ನಡ ಓದಕ್ಕೆ ಬರಲ್ಲ. ಅವಳೇ ನಂಗೆ ಕಣ್ಣು."

ಶರಣ್ಯಾ ಪುಸ್ತಕ ಮುಚ್ಚಿದರು. "ಬಾರದ ದಿನಕ್ಕೆಲ್ಲ ಹೊಟ್ಟೆನೋವು ಅಂತಿದ್ಲು. ನಾನೂ ನಂಬಿ ಸುಮ್ಮನಾದೆ. ಮೊದಲ ವಾರಾನೇ ನಿಮ್ಮ ಮನೆಗೆ ಬಂದು ಕೇಳ್ಬೇಕಿತ್ತು."

ಅವರೇ ಮುಂದುವರಿಸಿದರು. "ನೋಡಿ ಸಲೀಮಾ ಅವ್ರೇ, ಭಿನ್ನರಾಶಿ ನೀವು ಹೇಳ್ಕೊಡಬೇಕಾಗಿಲ್ಲ. ಹತ್ತಕ್ಕೆ ಹತ್ತು ನಿಮಿಷ ಇರೋವಾಗ ಅವಳನ್ನ ಗೇಟಿನ ಒಳಗೆ ಬಿಟ್ಟು ಹೋಗಿ, ಸಾಕು. ಬಿಟ್ಟುಹೋಗಿರೋದನ್ನ ನಾನು ಊಟದ ಬಿಡುವಿನಲ್ಲಿ ಹೇಳ್ಕೊಡ್ತೀನಿ. ನಿಜವಾಗ್ಲೂ ಬರೋಕಾಗದ ದಿನ ಎಲ್ರಿಗೂ ಇರುತ್ತೆ. ಅವತ್ತು ನಂಗೊಂದು ಮಾತು ತಿಳಿಸಿ. ಆಸ್ಪತ್ರೆಗೆ ಮಾತ್ರ ನೀವೇ ದಾರಿ ಹುಡುಕ್ಬೇಕು."

ಆ ಸಂಜೆ ಸಲೀಮಾ ಫೋನಿನಲ್ಲಿ ಗಂಡನಿಗೆ ವಿಷಯ ಹೇಳಿದಳು. ರಹೀಂ ಮೊದಲು ಮಗಳ ಮೇಲೆ ರೇಗಿದ. ಆಮೇಲೆ, "ನೀನೊಬ್ಳೇ ಅಮ್ಮನ್ನ ಕರ್ಕೊಂಡು ಹೋಗ್ತೀಯಾ?" ಎಂದ. ಆ ದನಿಯಲ್ಲಿದ್ದ ಅನುಮಾನ ಅವಳನ್ನು ಚುಚ್ಚಿತು. "ಹೋಗ್ತೀನಿ," ಎಂದಳು.

ಶುಕ್ರವಾರ ಮೂವರೂ ಒಟ್ಟಿಗೆ ಹೊರಟರು. ಶಾಲೆಯ ಗೇಟಿನ ಮುಂದೆ ಆಟೋ ನಿಲ್ಲಿಸಿ ಸಲೀಮಾ ಮಗಳನ್ನು ಇಳಿಸಿದಳು. ಅಲ್ಮಾಸ್ ಒಳಗೆ ಹೋಗಲಿಲ್ಲ. ಗೇಟಿನ ಸರಳು ಹಿಡಿದು ನಿಂತಳು.

"ದಾದಿ ಚೀಟಿ ಯಾರು ಮಾಡಿಸ್ತಾರೆ? ನಿಂಗೆ ಬರಲ್ಲ, ಅಮ್ಮಿ! ನಿಂಗೆ ಏನೂ ಬರಲ್ಲ!"

ಒಳಗೆ ಹೋಗುತ್ತಿದ್ದ ಮಕ್ಕಳು ತಿರುಗಿ ನೋಡಿದರು. ಸಲೀಮಾಳ ಮುಖ ಬಿಸಿಯಾಯಿತು. ಆದರೆ ಬೇಸರಕ್ಕಿಂತ ಹೆಚ್ಚಾಗಿ ಮಗಳ ಮುಖದಲ್ಲಿದ್ದ ದಿಗಿಲು ಅವಳಿಗೆ ಕಂಡಿತು. ಹತ್ತು ವರ್ಷದ ಮಗುವಿನ ತಲೆಯ ಮೇಲೆ ತಾನು ಇಡೀ ಮನೆಯನ್ನು ಹೊರಿಸಿದ್ದೆ ಎನಿಸಿತು.

"ಬರಲ್ಲ," ಎಂದಳು ಮೆಲ್ಲಗೆ. "ಬರಲ್ಲ ಅಂತ ನಿನ್ನ ಹಿಂದೆ ನಿಲ್ತಿದ್ದೆ. ಇವತ್ತು ನಾನು ನೋಡ್ಕೊಳ್ತೀನಿ. ನೀನು ನಿನ್ನ ಕ್ಲಾಸು ನೋಡ್ಕೋ. ಹೋಗು, ಗಂಟೆ ಹೊಡೀತಾರೆ."

ಶಿವಮೊಗ್ಗದವರೆಗಿನ ದಾರಿ ಗೊತ್ತಿದ್ದದ್ದೇ. ಆಸ್ಪತ್ರೆಯ ಒಳಗೆ ಕಾಲಿಟ್ಟಾಗ ಮಾತ್ರ ಅವಳಿಗೆ ದಿಕ್ಕು ತಪ್ಪಿತು. ಮೂರು ತಿಂಗಳು ಬಂದಿದ್ದರೂ ಮಗಳ ಜಡೆ ನೋಡಿಕೊಂಡು ನಡೆದಿದ್ದಳೇ ಹೊರತು ದಾರಿ ನೋಡಿರಲಿಲ್ಲ. ಮೊದಲ ಕೌಂಟರಿನಲ್ಲಿ ಹಳೇ ಫೈಲು ಚಾಚಿದಳು. ಒಳಗಿದ್ದ ಹುಡುಗಿ ಚೀಟಿ ಕೊಟ್ಟು, ಬೇಗ ಬೇಗ ಏನೋ ಹೇಳಿ, ಮುಂದಿನವರನ್ನು ಕರೆದಳು. ಎಡಕ್ಕೆ ಎಂದಂತೆ ಕೇಳಿಸಿ, ಅತ್ತೆಯನ್ನು ನಡೆಸಿಕೊಂಡು ಹೋಗಿ ಒಂದು ಉದ್ದ ಸಾಲಿನಲ್ಲಿ ನಿಂತಳು. ಅರ್ಧ ಗಂಟೆಯಾಯಿತು. ಒಳಗೆ ಹೋದವರೆಲ್ಲ ದೊಡ್ಡ ಕಪ್ಪು ಹಾಳೆ ಹಿಡಿದು ಬರುತ್ತಿದ್ದರು.

"ಕಾಲು ಸೋಲ್ತಿದೆ," ಎಂದಳು ಜೈನಾಬಿ. "ಅಲ್ಮಾಸ್ ಇದ್ದಿದ್ರೆ ಇಷ್ಟೊತ್ತಿಗೆ ಬಸ್ಸಲ್ಲಿ ಕೂತಿರ್ತಿದ್ವಿ."

ಸಲೀಮಾಳ ಕಣ್ಣು ತುಂಬಿತು. ಮುಂದೆ ನಿಂತಿದ್ದ, ಪೆಟ್ಟಾದ ಕೈಯನ್ನು ಬಟ್ಟೆಯಲ್ಲಿ ಕತ್ತಿಗೆ ತೂಗುಹಾಕಿಕೊಂಡಿದ್ದ ಮುದುಕನ ಕಡೆ ಚೀಟಿ ಹಿಡಿದಳು. "ಅಣ್ಣಾ, ಇದ್ರಲ್ಲಿ ಏನಿದೆ ನೋಡ್ತೀರಾ?"

ಪುಟ್ಟಯ್ಯ ಎಂಬ ಆ ಮುದುಕ ಕೂಲಿ ಕೆಲಸದವನು. ಚೀಟಿಯನ್ನು ನೋಡಲೂ ಇಲ್ಲ. "ನಂಗೆ ಓದಕ್ಕೆ ಬರಲ್ಲ ತಾಯಿ. ಬಾಯಿಬಿಟ್ಟು ಕೇಳ್ತೀನಿ ಅಷ್ಟೇ. ನಾಚ್ಕೊಂಡ್ರೆ ಸಂಜೆವರೆಗೂ ಇಲ್ಲೇ ನಿಂತಿರ್ಬೇಕಾಗುತ್ತೆ." ಹಾಗೆಂದವನೇ ಆ ಕಡೆ ಹೋಗುತ್ತಿದ್ದ ನರ್ಸಿಗೆ ಕೇಳುವಂತೆ ಕೂಗಿದ, "ಸಿಸ್ಟರೇ! ಈಯಮ್ಮಂದು ಎಲ್ಲಿಗೆ ಅಂತ ಒಸಿ ಹೇಳಿ!"

ಎಲ್ಲರೂ ತಿರುಗಿದರು. ಯಾರೂ ನಗಲಿಲ್ಲ. ನರ್ಸು ಹತ್ತಿರ ಬಂದು ಜೈನಾಬಿಯನ್ನು ಗುರುತು ಹಿಡಿದಳು. "ಇದು ಎಕ್ಸ್‌ರೇ ಲೈನು ಅಮ್ಮ. ನಿಮ್ಮದು ಡ್ರೆಸ್ಸಿಂಗು, ಬಲಗಡೆ ಕೊನೇ ಬಾಗಿಲು. ಎಲ್ಲಿ ನಮ್ಮ ಪುಟ್ಟ ಡಾಕ್ಟ್ರು?"

"ಶಾಲೆಗೆ ಹೋಗಿದಾಳೆ," ಎಂದಳು ಸಲೀಮಾ. ಹಾಗೆ ಹೇಳುವಾಗ ಅವಳಿಗೇ ಗೊತ್ತಿಲ್ಲದೆ ದನಿ ಸ್ವಲ್ಪ ಏರಿತ್ತು.

ಡ್ರೆಸ್ಸಿಂಗ್ ಮುಗಿಸಿ ಔಷಧಿ ಕೌಂಟರಿಗೆ ಬಂದಾಗ ಅವಳು ಕಾಯಲಿಲ್ಲ. "ನಂಗೆ ಓದಕ್ಕೆ ಬರಲ್ಲ ಅಣ್ಣಾ, ಯಾವಾಗ ಯಾವ್ದು ಅಂತ ಬಾಯಲ್ಲಿ ಹೇಳಿ," ಎಂದಳು. ಕೌಂಟರಿನವನು ಬೆಳಗಿನ ಮಾತ್ರೆಯ ಪೊಟ್ಟಣಕ್ಕೆ ಒಂದು ಗೆರೆ, ಸಂಜೆಯದಕ್ಕೆ ಎರಡು ಗೆರೆ ಎಳೆದುಕೊಟ್ಟ. ಎರಡು ಸಲ ಹೇಳಿಯೂ ಹೇಳಿದ.

ಪ್ರತಿ ಸಲ ಹತ್ತುತ್ತಿದ್ದ ಬಸ್ಸು ತಪ್ಪಿ, ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾಯಿತು. ಬಸ್ಸಿನಲ್ಲಿ ಕೂತ ಮೇಲೆ ಸಲೀಮಾ ಅತ್ತೆಗೆ ತಂಗುದಾಣದ ಸಂಗತಿಯನ್ನೂ ಹತ್ತೊಂಬತ್ತು ಕೆಂಪು ಗುರುತುಗಳ ಸಂಗತಿಯನ್ನೂ ಹೇಳಿದಳು. ಜೈನಾಬಿ ತನ್ನ ಪಟ್ಟಿ ಕಟ್ಟಿದ ಪಾದದ ಕಡೆ ನೋಡಿದಳು. "ನನ್ನ ಕಾಲು ಆ ಮಗೂ ಓದನ್ನ ತಿಂತಿದೆ ಅಂತ ನಂಗ್ಯಾರೂ ಹೇಳ್ಲಿಲ್ಲ. ಮಂಗಳವಾರಾನೂ ಅವಳನ್ನ ಶಾಲೆಗೆ ಬಿಟ್ಟೇ ಹೊರಡೋಣ. ನೀನು ತಪ್ಪು ಲೈನಲ್ಲಿ ನಿಂತ್ರೂ ಪರವಾಗಿಲ್ಲ."

ಅಲ್ಮಾಸ್ ಆ ಸಂಜೆ ಮುನಿಸಿಕೊಂಡೇ ಇದ್ದಳು. ದಾದಿಯ ಪಟ್ಟಿ ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ ಎಂದು ಬಗ್ಗಿ ನೋಡಿದಳು. ಮಾತ್ರೆಯ ಪೊಟ್ಟಣಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲ ಸರಿಯಾಗಿರುವುದು ಅವಳಿಗೆ ಅಷ್ಟೇನೂ ಇಷ್ಟವಾದಂತೆ ಕಾಣಲಿಲ್ಲ. ಸಲೀಮಾ ಅವಳನ್ನು ರಮಿಸಲು ಹೋಗಲಿಲ್ಲ. ಮಾರನೇ ಬೆಳಿಗ್ಗೆ ಮಗಳ ಜೊತೆ ಗೇಟಿನವರೆಗೆ ನಡೆದಳು. ಪ್ರಾರ್ಥನೆಯ ಸಾಲಿನಲ್ಲಿ ಅವಳು ನಿಲ್ಲುವವರೆಗೂ ನೋಡಿ ತಿರುಗಿದಳು. ಸೋಮವಾರವೂ, ಮಂಗಳವಾರವೂ ಹಾಗೇ ಮಾಡಿದಳು.

ಭಿನ್ನರಾಶಿ ಒಂದು ವಾರದಲ್ಲಿ ಬರಲಿಲ್ಲ. ಊಟದ ಬಿಡುವಿನಲ್ಲಿ ಶರಣ್ಯಾ ಹೇಳಿಕೊಟ್ಟರು. ಪಕ್ಕದ ಬೆಂಚಿನ ಕವನ ತನ್ನ ನೋಟ್‌ಬುಕ್ಕು ಕೊಟ್ಟಳು. ಅಲ್ಮಾಸ್ ಒಂದೆರಡು ಸಲ ಅತ್ತಳು, ಒಂದು ಬುಧವಾರ ಹೊಟ್ಟೆನೋವು ಎಂದೂ ಹೇಳಿ ನೋಡಿದಳು. ಸಲೀಮಾ ಹಣೆ ಮುಟ್ಟಿ, ಹೊಟ್ಟೆ ಮುಟ್ಟಿ, ಜೀರಿಗೆ ನೀರು ಕುಡಿಸಿ, "ನಡಿ, ನಾನೂ ಬರ್ತೀನಿ," ಎಂದಳು. ಗೇಟು ಮುಟ್ಟುವಷ್ಟರಲ್ಲಿ ನೋವು ಹೋಗಿತ್ತು. ತಿಂಗಳ ಕೊನೆಯ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ ಇಪ್ಪತ್ತಕ್ಕೆ ಹನ್ನೊಂದು ಬಂತು. ಬೋರ್ಡಿನ ಮುಂದೆ ಒಂದು ಲೆಕ್ಕವನ್ನು ತಾನೊಬ್ಬಳೇ ಮಾಡಿದೆ ಎಂದು ಅವಳು ಊಟಕ್ಕೆ ಕೂತಾಗ ಎರಡು ಸಲ ಹೇಳಿದಳು.

ಅಕ್ಟೋಬರಿನಲ್ಲಿ ಒಂದು ಗುರುವಾರ ಅಲ್ಮಾಸಳ ಮೈ ನಿಜವಾಗಿಯೂ ಕಾದ ಹೆಂಚಾಯಿತು. ಏಳಲಾಗದೆ ಮಲಗಿದ್ದವಳು "ಇವತ್ತು ದಶಮಾಂಶ ಶುರು ಮಾಡ್ತಾರೆ, ಅಮ್ಮಿ," ಎಂದು ಅಳತೊಡಗಿದಳು. ಸಲೀಮಾ ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿ, ಮಗಳ ಗಣಿತದ ಪುಸ್ತಕ ಹಿಡಿದು ಹತ್ತಕ್ಕೆ ಮೊದಲೇ ಶಾಲೆಗೆ ಹೋದಳು.

"ಜ್ವರ ಮಿಸ್. ಇವತ್ತು ಕಳಿಸಲ್ಲ. ಇಳಿದ ತಕ್ಷಣ ಕರ್ಕೊಂಡು ಬರ್ತೀನಿ. ಇವತ್ತಿನ ಪಾಠ ಯಾವ್ದು ಅಂತ ಪುಸ್ತಕದಲ್ಲಿ ಗುರುತು ಹಾಕಿಕೊಡ್ತೀರಾ?"

ಶರಣ್ಯಾ ಪುಸ್ತಕ ತೆಗೆದುಕೊಂಡು ಎರಡು ಪುಟಗಳ ಮೂಲೆ ಮಡಚಿ ಕೊಟ್ಟರು. ಸಲೀಮಾ ಅದನ್ನು ದುಪಟ್ಟಾದ ಮರೆಯಲ್ಲಿಟ್ಟುಕೊಂಡು, ಮಗಳಿಗೆ ಗಂಜಿ ಮಾಡಬೇಕೆಂದುಕೊಳ್ಳುತ್ತಾ ಮನೆಯ ಕಡೆ ಹೆಜ್ಜೆ ಹಾಕಿದಳು.