ವಾಹನ ನಿಲ್ಲಿಸುವ ಸ್ಥಳ

ತಮ್ಮ ಹೋದ ಸುದ್ದಿ ನನಗೆ ತಿಳಿದದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ. ಅವನ ಹೊದಿಕೆಯನ್ನು ಮಡಿಸುತ್ತಿದ್ದೆ. ಊರಾಚೆಯ ತಿರುವಿನಲ್ಲಿ ಕಾರು ಏರಿಯಿಂದ ಕೆಳಗುರುಳಿತೆಂದೂ, ಒಳಗೆ ಅವನೊಬ್ಬನೇ ಇದ್ದನೆಂದೂ ಪೊಲೀಸಿನವರು ಬಾಗಿಲಲ್ಲಿ ನಿಂತು ಹೇಳಿದರು. ವಿಮೆಯ ಕಾಗದದಲ್ಲಿ ನನ್ನ ಮನೆಯ ವಿಳಾಸವಿದ್ದುದರಿಂದ ನೇರವಾಗಿ ಇಲ್ಲಿಗೇ ಬಂದಿದ್ದರು. ನಾನು ಹೊದಿಕೆಯನ್ನು ಪೂರ್ತಿ ಮಡಿಸಿ, ಆಮೇಲೆ ಕುಳಿತೆ. ಹಾಗೇಕೆ ಮಾಡಿದೆನೋ ಇಂದಿಗೂ ತಿಳಿಯದು.

ಅವನು ಮೂವತ್ತು ವರ್ಷ ಜನರಿಗೆ ಕಾರು ಓಡಿಸುವುದನ್ನು ಕಲಿಸಿದವನು. ಶಿಷ್ಯರು ಅವನನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಅವಸರ ಇದ್ದವರು ನಡೆದುಕೊಂಡು ಹೋಗಿ ಎಂಬುದು ಅವನ ಮೊದಲ ಪಾಠ. ಹೆಂಡತಿ ತೀರಿದ ಮೇಲೂ ಒಬ್ಬ ದರ್ಜಿಯ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲೇ ಇದ್ದ. ಎದೆನೋವು ಕಾಣಿಸಿಕೊಂಡ ಮೇಲೆ ನಾನೇ ಹಟ ಹಿಡಿದು ಅವನನ್ನು ನನ್ನ ಮನೆಗೆ ಕರೆತಂದೆ. ಕಾರನ್ನು ಕಲಿಕಾಶಾಲೆಯ ಶೆಡ್ಡಿನಲ್ಲಿ ಬಿಟ್ಟು, ರಾತ್ರಿ ಊಟದ ಹೊತ್ತಿಗೆ ಬಸ್ಸಿನಲ್ಲಿ ಬರುತ್ತಾನೆಂದೇ ನಾನು ತಿಳಿದಿದ್ದೆ.

ವಿಮೆಯ ಹಣಕ್ಕೆ ಅರ್ಜಿ ಹಾಕಿದ ಆರು ವಾರಕ್ಕೆ ಉತ್ತರ ಬಂತು. ಹಣ ಕೊಡುವುದಿಲ್ಲವೆಂದಿತ್ತು. ಅದು ನನಗೆ ಬೇಕಾಗಿಯೂ ಇರಲಿಲ್ಲ. ಆದರೆ ಅದರ ಕೆಳಗೆ ಒಂದು ಸಾಲಿತ್ತು: 'ವಿಮೆದಾರರು ವಾಹನ ನಿಲ್ಲಿಸುವ ಸ್ಥಳದ ಬಗ್ಗೆ ಸುಳ್ಳು ಮಾಹಿತಿ ನೀಡಿರುತ್ತಾರೆ.' ನನ್ನ ತಮ್ಮ ಬೇಕಾದಷ್ಟು ತಪ್ಪು ಮಾಡಿದ್ದಾನು, ಸುಳ್ಳು ಆಡಿದವನಲ್ಲ. ಮಣ್ಣಾದವನ ಮೇಲೆ ಆ ಮಾತು ಉಳಿಯಕೂಡದೆಂದು ನಾನು ದೂರು ಬರೆದು ಕಂಪನಿಯ ಕಚೇರಿಗೆ ಹೋದೆ.

ದೂರು ವಿಭಾಗದ ಅಧಿಕಾರಿಣಿ ಸಣ್ಣ ವಯಸ್ಸಿನವಳು, ಮರ್ಯಾದೆಯವಳು. ಮನೆ ಬದಲಾದರೆ ತಿಳಿಸಬೇಕು, ಅದನ್ನು ನಿಮ್ಮ ತಮ್ಮ ತಿಳಿಸಿದ್ದಾರೆ. ಆದರೆ ಕಾರು ಕಲಿಕಾಶಾಲೆಯ ಶೆಡ್ಡಿನಲ್ಲಿ ನಿಲ್ಲುತ್ತದೆಂದು ಬರೆದಿದ್ದಾರೆ, ಅದೂ ನಿಜವಾಗಿರಬೇಕು ಎಂದು ಬಿಡಿಸಿ ಹೇಳಿದಳು. ಕಂಪನಿಯಿಂದ ವಿಚಾರಣೆಗೆ ಹೋದವನು ಹಳೆಯ ವಿಳಾಸದಲ್ಲಿ, ದರ್ಜಿಯ ಅಂಗಡಿಯ ಮುಂದೆ, ಸಂಜೆ ಐದರ ಸುಮಾರಿಗೆ, ಕಾರನ್ನು ಕಣ್ಣಾರೆ ನೋಡಿದ್ದನಂತೆ. ನಂಬರನ್ನೂ ಬರೆದುಕೊಂಡಿದ್ದ. ವರದಿಯ ತಾರೀಖನ್ನು ನೋಡಿದೆ. ಆ ಹೊತ್ತಿಗೆ ತಮ್ಮ ಹೋಗಿ ಒಂಬತ್ತು ದಿನವಾಗಿತ್ತು.

"ಕಾರು ಜಜ್ಜಿ ಹೋಗಿ ಪೊಲೀಸರ ಹತ್ರ ಇತ್ತಲ್ಲಮ್ಮ," ಎಂದೆ.

ಅವಳು ಕಾಗದವನ್ನು ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು. ತಾರೀಖು ತಪ್ಪಿರಬೇಕೆಂದಳು. ಕಾರು ಅಲ್ಲಿ ನಿಲ್ಲುತ್ತಿರಲಿಲ್ಲವೆಂದು ದರ್ಜಿಯಿಂದ ಬರೆಸಿ ತಂದರೆ ಆ ಸಾಲನ್ನು ತೆಗೆಸುವುದಾಗಿ ಮಾತು ಕೊಟ್ಟಳು.

ಮರುದಿನ ಮಧ್ಯಾಹ್ನ ದರ್ಜಿಯ ಅಂಗಡಿಗೆ ಹೋದೆ. ಅವನು ಒಂದು ಕೋಟಿಗೆ ಅಸ್ತರು ಕೂರಿಸುತ್ತಿದ್ದ. ಬಾಯಿ ತುಂಬ ಗುಂಡುಸೂಜಿ. ನನ್ನನ್ನು ಕಂಡು ಒಂದೊಂದಾಗಿ ತೆಗೆದಿಟ್ಟ. "ಬನ್ನಿ, ಹೆಡ್‌ಮಿಸ್ಸು," ಎಂದ. ತಮ್ಮ ನನ್ನ ಬೆನ್ನ ಹಿಂದೆ ಇಟ್ಟಿದ್ದ ಹೆಸರಂತೆ ಅದು. ನಾನು ಬಂದ ಕೆಲಸ ಹೇಳಿದೆ. ಅವನು ಅಡ್ಡಡ್ಡ ತಲೆಯಾಡಿಸಿದ.

"ಆಗಲ್ಲ ಅಕ್ಕ. ನಿಮ್ಮನೆಗೆ ಹೋದ್ಮೇಲೂ ದಿನಾ ಐದಕ್ಕೆ ಕಾರು ಇಲ್ಲೇ ನಿಲ್ಲಿಸಿ, ಅದರೊಳಗೇ ಕೂತಿರೋರು. ಹೊತ್ತಾದ್ಮೇಲೆ ಬಸ್ ಹತ್ತೋರು. ಕಾರು ಬೆಳಗಿನ ತನಕ ಇಲ್ಲೇ ಇರ್ತಿತ್ತು. ಅಕ್ಕನಿಗೆ ಹೇಳ್ಬೇಡ, ಬೈತಾಳೆ ಅನ್ನೋರು."

ಅವನು ದನಿ ತಗ್ಗಿಸಿದ.

"ನಿನ್ನೇನೂ ಬಂದಿತ್ತು."

ಹುಚ್ಚು ಮಾತಾಡಬೇಡ ಎಂದೆ. ಅವನು ಕೋಪ ಮಾಡಿಕೊಳ್ಳಲಿಲ್ಲ. ಕಿಟಕಿಯ ಬಳಿ ಒಂದು ಕುರ್ಚಿ ಹಾಕಿ, ಐದು ಗಂಟೆಯವರೆಗೆ ಕೂತು ಹೋಗಿ ಎಂದ. ನಾಲ್ಕೂವರೆಗೆ ತುಂತುರು ಶುರುವಾಯಿತು. ಬೀದಿಯ ಕಲ್ಲುಗಳೆಲ್ಲ ಕಪ್ಪಗಾದವು. ಐದು ಹೊಡೆಯಿತು. ಹ್ಯಾಂಡ್‌ಬ್ರೇಕು ಎಳೆದ ಸದ್ದು ಕೇಳಿಸಿತು, ಒಂದಲ್ಲ, ಎರಡು ಸಲ. ಒಮ್ಮೆ ಎಳೆದರೆ ನನ್ನ ತಮ್ಮನಿಗೆ ನಂಬಿಕೆ ಇರುತ್ತಿರಲಿಲ್ಲ. ಬೀದಿಯಲ್ಲಿ ಏನೂ ಇರಲಿಲ್ಲ. ಆದರೆ ಅಂಗಡಿಯ ಮುಂದೆ, ಒಂದು ಕಾರಿನ ಉದ್ದಗಲಕ್ಕೆ, ಕಲ್ಲು ನಿಧಾನವಾಗಿ ಬೆಳ್ಳಗೆ ಒಣಗತೊಡಗಿತ್ತು. ಸುತ್ತ ಹನಿ ಬೀಳುತ್ತಿತ್ತು, ಅಲ್ಲಿ ಮಾತ್ರ ಬೀಳುತ್ತಿರಲಿಲ್ಲ. ದರ್ಜಿ ಅತ್ತ ನೋಡದೆ ಸೂಜಿಗೆ ದಾರ ಪೋಣಿಸುತ್ತಿದ್ದ.

ನಾನು ಕೊಡೆ ಬಿಡಿಸದೆ ಹೊರಗೆ ಹೋದೆ. ತಮ್ಮ ಯಾವಾಗಲೂ ಕೂರುತ್ತಿದ್ದ ಕಡೆ, ಕಲಿಯುವವರ ಪಕ್ಕದ ಸೀಟು ಇರಬೇಕಾದಲ್ಲಿ ನಿಂತೆ. ಅಲ್ಲಿ ಬಿಸಿಯಾದ ಎಂಜಿನ್ನಿನ ವಾಸನೆ ಇತ್ತು.

ಇದುವರೆಗೆ ಯಾರಿಗೂ ಹೇಳದ ಒಂದು ಮಾತಿದೆ. ವಿಳಾಸ ಬದಲಾವಣೆಯ ಅರ್ಜಿಯನ್ನು, ಕಾರು ಶೆಡ್ಡಿನಲ್ಲಿ ನಿಲ್ಲುತ್ತದೆಂಬುದನ್ನೂ ಸೇರಿಸಿ, ತುಂಬಿದವಳು ನಾನು. ಅದರ ಕೆಳಗೆ ಅವನ ರುಜು ಹಾಕಿದವಳೂ ನಾನೇ. ಅಮ್ಮ ಹೋದಾಗ ಅವನಿಗೆ ಏಳು ವರ್ಷ. ಅವನ ಶಾಲೆಯ ಅಂಕಪಟ್ಟಿಯಿಂದ ಹಿಡಿದು ಎಲ್ಲ ಕಾಗದಕ್ಕೂ ನಾನೇ ರುಜು ಹಾಕುತ್ತ ಬಂದಿದ್ದೆ; ಅವನಿಗೆ ಅರವತ್ತಾದ ಮೇಲೂ ಅದು ತಪ್ಪೆಂದು ನನಗೆ ತೋರಲಿಲ್ಲ. ಅಂದು ಅವನು "ಸ್ವಲ್ಪ ದಿನ ಬಿಡು ಅಕ್ಕ, ಇನ್ನೂ ಮನಸ್ಸು ಬಂದಿಲ್ಲ" ಎಂದಿದ್ದ. ನಿನ್ನ ಮನಸ್ಸಿಗೆ ಕಾದರೆ ಆದ ಹಾಗೇ ಎಂದು ನಾನು ಲಕೋಟೆಗೆ ಅಂಟು ಹಚ್ಚಿದ್ದೆ.

"ಸುಳ್ಳು ನಂದು ಕಣೋ," ಎಂದೆ. "ನಿನ್ನನ್ನ ಕೇಳ್ದೆ ಬರೆದೆ. ನಾಳೆ ಕಚೇರಿಗೆ ಹೋಗಿ ಹೇಳ್ತೀನಿ. ನೀನಿನ್ನು ಇಲ್ಲಿ ಕಾಯ್ಬೇಡ."

ಕಲ್ಲು ಒಣಗಿಯೇ ಇತ್ತು.

ಮರುದಿನ ಅಧಿಕಾರಿಣಿಯ ಮುಂದೆ ಕುಳಿತು ಎಲ್ಲವನ್ನೂ ಬರೆದುಕೊಟ್ಟೆ. ಹಾಗೆ ಬರೆದರೆ ಹಣದ ಆಸೆ ಬಿಡಬೇಕು, ಮೇಲೆ ನಿಮ್ಮ ಮೇಲೇ ಕೇಸಾದೀತು ಎಂದು ಅವಳು ಎರಡು ಸಲ ಎಚ್ಚರಿಸಿದಳು. ಆಗಲಿ ಎಂದೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಕಾಗದದ ಮೇಲೆ ನನ್ನ ಹೆಸರಿನಲ್ಲಿ ರುಜು ಹಾಕಿದೆ.

ಹತ್ತು ದಿನಕ್ಕೆ ತಿದ್ದಿದ ಪತ್ರ ಬಂತು. ಸುಳ್ಳು ಮಾಹಿತಿ ನೀಡಿದವರು ವಿಮೆದಾರರ ಅಕ್ಕ ಎಂದಿತ್ತು. ಓದಿ ಕಣ್ಣಿಗೊತ್ತಿಕೊಂಡೆ. ಅದೇ ಸಂಜೆ ದರ್ಜಿ ಫೋನು ಮಾಡಿ, ಇಂದು ಐದಕ್ಕೆ ಜೋರು ಮಳೆ ಬಂತು, ಅಂಗಡಿ ಮುಂದೆ ಎಲ್ಲ ಕಡೆ ನೀರೇ ಎಂದ. ಅವನ ದನಿಯಲ್ಲಿ ಬೇಸರವಿದ್ದಂತೆ ತೋರಿತು.

ದೇವರೇ, ಅವನನ್ನು ಕೇಳದೆ ನಾನು ಅವನಿಗೆ ಮನೆ ಗೊತ್ತುಮಾಡಿದೆ. ನೀನಾದರೂ ಅವನನ್ನು ಕೇಳು. ಅವನು ಇರುತ್ತೇನೆ ಎಂದ ಕಡೆ ಇರಗೊಡು. ನಿಧಾನದವನು, ಅವಸರ ಮಾಡಬೇಡ. ಅವನ ಆತ್ಮಕ್ಕೆ ಶಾಂತಿ ಕೊಡು.